ಪ್ರಧಾನ ವಿಷಯದ ಪೂರ್ವಕಥೆ

ನನ್ನ ಅಕ್ಕನ ಮೊಮ್ಮಗಳು ಅಮೆರಿಕದ ಒಂದು ವಿಶ್ವವಿದ್ಯಾನಿಲಯದಲ್ಲಿ ಎರಡನೆಯ ವರ್ಷದ ವಿದ್ಯಾರ್ಥಿನಿ. ಕಳೆದ ತಿಂಗಳು ದೂರವಾಣಿಯಲ್ಲಿ ಮಾತನಾಡುವಾಗ ಆಕೆಯ ದನಿ ಎಂದಿನಂತಿರಲಿಲ್ಲ. "ತಾತ, ಈ ವರ್ಷ ಮುಗಿಯುವುದರೊಳಗೆ ನನ್ನ ಮೇಜರ್ ಯಾವುದೆಂದು ಬರೆದುಕೊಡಬೇಕು. ಅಪ್ಪ ಅಮ್ಮ ಇಬ್ಬರೂ ಬಯೋಮೆಡಿಕಲ್ ಸೈನ್ಸಸ್ ಎನ್ನುತ್ತಾರೆ. ಡಾಕ್ಟರಾಗುವ ಆಸೆ ನನಗೂ ಇದೆ. ಆದರೆ ಇತಿಹಾಸ ಬಿಡಲು ಮನಸ್ಸಿಲ್ಲ. ನೀವೇನು ಹೇಳುತ್ತೀರಿ?" ಎಂದಳು. ಕನ್ನಡ ಎಂ.ಎ. ಮಾಡಿ ಮೂವತ್ತು ವರ್ಷ ಹಳಗನ್ನಡ ಪಾಠ ಹೇಳಿದವನಿಗೆ ಜೀವವೈದ್ಯಕೀಯ ವಿಜ್ಞಾನದ ವಿಚಾರದಲ್ಲಿ ಹೇಳಲು ಏನಿದ್ದೀತು? ಒಂದು ವಾರ ಅವಧಿ ಕೇಳಿದೆ. ಆ ವಾರದ ಓದಿನಿಂದ ಹುಟ್ಟಿದ್ದು ಈ ಮಾತು.

ಅಲ್ಲಿನ ಪದ್ಧತಿ ನಮ್ಮದರಂತಲ್ಲ. ಮೊದಲ ಒಂದೆರಡು ವರ್ಷ ವಿದ್ಯಾರ್ಥಿ ನಾನಾ ವಿಷಯಗಳ ರುಚಿ ನೋಡುತ್ತಾನೆ. ಸಾಮಾನ್ಯವಾಗಿ ಎರಡನೆಯ ವರ್ಷದ ಕೊನೆಯ ಹೊತ್ತಿಗೆ ಒಂದನ್ನು ಪ್ರಧಾನ ವಿಷಯವೆಂದು ಘೋಷಿಸುತ್ತಾನೆ. ನಮ್ಮಲ್ಲಿ ಹೀಗೆ ಆರಿಸಿಕೊಂಡ ವಿಷಯಕ್ಕೆ 'ಐಚ್ಛಿಕ' ಎಂಬ ಸೊಗಸಾದ ಹೆಸರಿತ್ತು. ನಾನು ಕಲಿಸಿದ್ದು ಐಚ್ಛಿಕ ಕನ್ನಡವನ್ನೇ. ಎದುರಿಗೆ ಕುಳಿತವರಲ್ಲಿ ಅರ್ಧದಷ್ಟು ಮಂದಿ ಬೇರೆಲ್ಲೂ ಸೀಟು ಸಿಗದೆ ಬಂದವರೆಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಅಮೆರಿಕದ ಕಾಲೇಜುಗಳಲ್ಲಿ ಆಯ್ಕೆಯ ಪ್ರಶ್ನೆ ಹೆಚ್ಚಾಗಿ ಏಳುತ್ತಿರಲಿಲ್ಲ. ಲ್ಯಾಟಿನ್, ಗ್ರೀಕ್, ಗಣಿತ. ಎಲ್ಲರಿಗೂ ಒಂದೇ ಪಂಕ್ತಿಯ ಊಟ. 1869ರಲ್ಲಿ ಹಾರ್ವರ್ಡಿನ ಅಧ್ಯಕ್ಷನಾದ ಚಾರ್ಲ್ಸ್ ಎಲಿಯಟ್ ಈ ಪಂಕ್ತಿಯನ್ನು ಮುರಿದ. ರಸಾಯನಶಾಸ್ತ್ರ ಕಲಿಸುತ್ತಿದ್ದ ಈತನಿಗೆ ಆಗ ಮೂವತ್ತೈದು ವರ್ಷ. ಬಯಸಿದ್ದನ್ನು ಓದಿರಿ ಎಂದು ಬಾಗಿಲು ತೆರೆದ. ಶತಮಾನದ ಕೊನೆಗೆ ಅಲ್ಲಿ ಕಡ್ಡಾಯವೆಂಬುದು ಬಹುಮಟ್ಟಿಗೆ ಮಾಯವಾಗಿ, ಹುಡುಗರು ಸುಲಭವಾದುದನ್ನೆಲ್ಲ ಹೆಕ್ಕಿ ಪದವಿ ಪಡೆಯತೊಡಗಿದರೆಂಬ ದೂರು ಎದ್ದಿತು. 1909ರಲ್ಲಿ ಅವನ ಜಾಗಕ್ಕೆ ಬಂದ ಲೋವೆಲ್, ಒಂದು ವಿಷಯದಲ್ಲಿ ಆಳ, ಉಳಿದವುಗಳಲ್ಲಿ ಹರಹು ಎಂಬ ಕಟ್ಟುಪಾಡು ತಂದ.

ಆದರೆ 'ಮೇಜರ್', 'ಮೈನರ್' ಎಂಬ ಮಾತುಗಳು ಅದಕ್ಕೂ ಮುಂಚಿನವು. 1876ರಲ್ಲಿ ಬಾಲ್ಟಿಮೋರಿನಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯ ಆರಂಭವಾಯಿತು. ಒಂದೆರಡು ವರ್ಷದಲ್ಲೇ ಅದರ ವಿವರಣಪುಸ್ತಿಕೆಯಲ್ಲಿ ಈ ಎರಡು ಶಬ್ದಗಳು ಕಾಣಿಸಿಕೊಂಡವು. ಅಲ್ಲಿನ ಮೊದಲ ಜೀವಶಾಸ್ತ್ರ ಪ್ರಾಧ್ಯಾಪಕ ಹೆನ್ರಿ ನ್ಯೂಯೆಲ್ ಮಾರ್ಟಿನ್, ಥಾಮಸ್ ಹಕ್ಸ್ಲಿಯ ಶಿಷ್ಯ. ಇನ್ನೂ ಮೂವತ್ತು ತುಂಬದವನು. ಆ ವರ್ಷದ ಸೆಪ್ಟೆಂಬರಿನಲ್ಲಿ ಹಕ್ಸ್ಲಿ ಸ್ವತಃ ಬಂದು ಭಾಷಣ ಮಾಡಿದ. ಸಭೆಯಲ್ಲಿ ಪ್ರಾರ್ಥನೆ ಇರಲಿಲ್ಲವೆಂದು ಊರೆಲ್ಲ ಗುಲ್ಲಾಯಿತು! ವೈದ್ಯಶಾಲೆ ಇನ್ನೂ ಹುಟ್ಟದಿದ್ದರೂ, ಮುಂದೆ ವೈದ್ಯರಾಗಬಯಸುವವರು ಮೊದಲು ರಸಾಯನ ಮತ್ತು ಜೀವಶಾಸ್ತ್ರಗಳನ್ನು ಪ್ರಯೋಗಾಲಯದಲ್ಲಿ ಕಲಿಯಲೆಂದು ಅಲ್ಲಿ ಒಂದು ಪಾಠಕ್ರಮವನ್ನೇ ಏರ್ಪಡಿಸಿದರು. ಇಂದಿನ ಜೀವವೈದ್ಯಕೀಯ 'ಮೇಜರ್'ಗೆ ಮೂಲಪುರುಷನನ್ನು ಹುಡುಕುವುದಾದರೆ ಇದನ್ನೇ ಹಿಡಿಯಬೇಕೆಂದು ನನ್ನ ಅಭಿಪ್ರಾಯ.

ಇದು ಎಷ್ಟು ದೊಡ್ಡ ಹೆಜ್ಜೆಯೆಂಬುದು ಆ ಕಾಲದ ವೈದ್ಯಶಾಲೆಗಳನ್ನು ನೋಡಿದರೆ ತಿಳಿಯುತ್ತದೆ. ಶುಲ್ಕ ಕೊಡಬಲ್ಲವನಿಗೆ ಬಹುತೇಕ ಪ್ರವೇಶವುಂಟು. ಕೆಲವು ತಿಂಗಳ ಉಪನ್ಯಾಸ; ಮರುವರ್ಷ ಅವೇ ಉಪನ್ಯಾಸಗಳ ಪುನರಾವರ್ತನೆ; ಬಳಿಕ ಬಾಯಿಪರೀಕ್ಷೆ. ಹಾರ್ವರ್ಡಿನ ವೈದ್ಯಶಾಲೆಯಲ್ಲಿ ಎಲಿಯಟ್ ಲಿಖಿತ ಪರೀಕ್ಷೆಯ ಮಾತೆತ್ತಿದಾಗ, ಅಲ್ಲಿನ ಹಿರಿಯ ಪ್ರಾಧ್ಯಾಪಕ ಬಿಗಲೋ, ನಮ್ಮ ವಿದ್ಯಾರ್ಥಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಸರಿಯಾಗಿ ಬರೆಯಲೇ ಬಾರದಲ್ಲ ಎಂದು ಆಕ್ಷೇಪಿಸಿದನಂತೆ. ರೋಗಿಯ ಪ್ರಾಣ ಇಂಥವರ ಕೈಯಲ್ಲಿತ್ತು.

1889ರಲ್ಲಿ ಹಾಪ್ಕಿನ್ಸ್ ಆಸ್ಪತ್ರೆ ತೆರೆಯಿತು. ವೈದ್ಯಶಾಲೆಗೆ ಮಾತ್ರ ಹಣ ಸಾಲದಾಯಿತು. ಕೈಹಿಡಿದವಳು ಮೇರಿ ಎಲಿಜಬೆತ್ ಗ್ಯಾರೆಟ್ ಎಂಬ ಶ್ರೀಮಂತ ಮಹಿಳೆ. ಆಕೆ ಕೊಟ್ಟದ್ದು ಮೂರು ಲಕ್ಷ ಡಾಲರಿಗೂ ಮಿಕ್ಕ ಹಣ, ಜೊತೆಗೆ ಕಟ್ಟುನಿಟ್ಟಾದ ಷರತ್ತುಗಳು. ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಸಮಾನವಾದ ಪ್ರವೇಶ ಇರಬೇಕು. ಸೇರುವವರು ಮೊದಲೇ ಪದವೀಧರರಾಗಿದ್ದು ವಿಜ್ಞಾನಗಳನ್ನು ಅಭ್ಯಸಿಸಿರಬೇಕು, ಫ್ರೆಂಚ್ ಮತ್ತು ಜರ್ಮನ್ ಬಲ್ಲವರಾಗಿರಬೇಕು. 1893ರಲ್ಲಿ ಶಾಲೆ ಆರಂಭವಾದಾಗ ಸೇರಿದವರು ಹದಿನೆಂಟು ಮಂದಿ. ಅವರಲ್ಲಿ ಮೂವರು ಸ್ತ್ರೀಯರು. ನಿಯಮಗಳನ್ನು ಕಂಡು ಪ್ರಾಧ್ಯಾಪಕ ವಿಲಿಯಂ ಆಸ್ಲರ್ ತನ್ನ ಸಹೋದ್ಯೋಗಿ ವಿಲಿಯಂ ವೆಲ್ಚ್‌ಗೆ ನಗೆಯಾಡಿದನಂತೆ: ನಾವು ಅಧ್ಯಾಪಕರಾಗಿ ಒಳಗೆ ಬಂದೆವು, ಬದುಕಿದೆವು, ವಿದ್ಯಾರ್ಥಿಗಳಾಗಿ ಬರುವುದಾಗಿದ್ದರೆ ನಮಗೆ ಸೀಟೇ ಸಿಗುತ್ತಿರಲಿಲ್ಲ ಎಂದು.

ಈ ನಗೆಮಾತಿನ ಬಳಿ ನಾನು ಓದುವುದನ್ನು ನಿಲ್ಲಿಸಿ, ಇವರಿಬ್ಬರೂ ಏನನ್ನು ಓದಿದ್ದರೆಂದು ಹುಡುಕಲು ಹೊರಟೆ. ವೆಲ್ಚ್ ವೈದ್ಯನ ಮಗ; ಆದರೆ ತಂದೆಯ ವೃತ್ತಿ ಬೇಡವೆಂದು ಯೇಲ್‌ನಲ್ಲಿ ಪ್ರಾಚೀನ ಭಾಷೆಗಳನ್ನೋದಿ 1870ರಲ್ಲಿ ಪದವೀಧರನಾದ. ಗ್ರೀಕ್ ಅಧ್ಯಾಪಕನಾಗಬೇಕೆಂಬುದು ಅವನ ಹಂಬಲ. ಕಾಲೇಜಿನಲ್ಲಿ ಆ ಕೆಲಸ ಸಿಗಲಿಲ್ಲ. ನ್ಯೂಯಾರ್ಕ್ ರಾಜ್ಯದ ನಾರ್ವಿಚ್ ಎಂಬ ಸಣ್ಣ ಊರಿನಲ್ಲಿ ಶಾಲೆಯ ಮೇಷ್ಟರಾಗಿದ್ದು, ಆಮೇಲೆ ವೈದ್ಯದ ಕಡೆ ತಿರುಗಿದ. ಅಮೆರಿಕದಲ್ಲಿ ರೋಗವಿಜ್ಞಾನಕ್ಕೆ ಅಡಿಪಾಯ ಹಾಕಿದವರಲ್ಲಿ ಮೊದಲ ಹೆಸರು ಇವನದೇ. ಆಸ್ಲರ್ ಪಾದ್ರಿಯ ಮಗ. 1867ರಲ್ಲಿ ತಾನೂ ಪಾದ್ರಿಯಾಗಲೆಂದು ಟೊರಾಂಟೋವಿನ ಟ್ರಿನಿಟಿ ಕಾಲೇಜು ಸೇರಿದವನು, ಮರುವರ್ಷವೇ ಮನಸ್ಸು ಬದಲಿಸಿ ವೈದ್ಯಶಾಲೆಗೆ ಹೋದ. ಇನ್ನು ಮೂರನೆಯವನು ಏಬ್ರಹಾಂ ಫ್ಲೆಕ್ಸ್‌ನರ್. 155 ವೈದ್ಯಶಾಲೆಗಳನ್ನು ಸುತ್ತಿ ನೋಡಿ 1910ರಲ್ಲಿ ವರದಿ ಬರೆದು, ವೈದ್ಯ ಕಲಿಯುವ ಮುನ್ನ ಕಾಲೇಜಿನಲ್ಲಿ ಜೀವಶಾಸ್ತ್ರ, ರಸಾಯನ, ಭೌತವಿಜ್ಞಾನ ಓದಿರಲೇಬೇಕೆಂದು ಗಟ್ಟಿಯಾಗಿ ವಾದಿಸಿದವನು ಈತ. ಸ್ವತಃ ಅವನು ವೈದ್ಯನಲ್ಲ. ಹಾಪ್ಕಿನ್ಸ್‌ನಲ್ಲೇ ಗ್ರೀಕ್ ಲ್ಯಾಟಿನ್ ಓದಿ 1886ರಲ್ಲಿ ಪದವಿ ಪಡೆದ ಶಾಲಾ ಉಪಾಧ್ಯಾಯ.

ನೇರವಾದ ದಾರಿಯನ್ನು ಹಾಕಿದ ಮೂವರೂ ಬಳಸುದಾರಿಯಲ್ಲಿ ಬಂದವರೇ. ಇದರಿಂದ ದಾರಿಯೇ ಬೇಡವಾಗಿತ್ತೆಂದು ನಾನು ಹೇಳುವುದಿಲ್ಲ. ಬಿಗಲೋನ ವಿದ್ಯಾರ್ಥಿಗಳ ಕೈಗೆ ನಾಡಿ ಕೊಡಲು ನನಗೆ ಧೈರ್ಯವಿಲ್ಲ. ಆದರೆ ದಾರಿಗೆ ಬೆಲೆಯೂ ತೆರಬೇಕಾಯಿತು. ವರದಿಯ ಬಳಿಕ ಬಡ ವೈದ್ಯಶಾಲೆಗಳು ಸಾಲಾಗಿ ಮುಚ್ಚಿದವು. ಕಪ್ಪು ಜನರಿಗಾಗಿ ಇದ್ದ ಏಳರಲ್ಲಿ ಉಳಿದವು ಎರಡೇ.

ನೇರ ದಾರಿಯಲ್ಲಿ ಹೋದವರೆಲ್ಲ ಗುರಿ ಮುಟ್ಟಿದರೆಂದೂ ಅಲ್ಲ. ಗರ್ಟ್ರೂಡ್ ಸ್ಟೈನ್ ಮನಶ್ಶಾಸ್ತ್ರ ಓದಿ 1897ರಲ್ಲಿ ಹಾಪ್ಕಿನ್ಸ್ ವೈದ್ಯಶಾಲೆ ಸೇರಿದಳು. 1901ರಲ್ಲಿ ಪದವಿಯಿಲ್ಲದೆ ಹೊರಬಂದು ಪ್ಯಾರಿಸಿನಲ್ಲಿ ನೆಲೆಸಿ ಲೇಖಕಿಯಾದಳು. ಅದೇ ಶಾಲೆಯಲ್ಲಿ 1900ರಲ್ಲಿ ಪದವಿ ಪಡೆದ ಫ್ಲಾರೆನ್ಸ್ ಸೇಬಿನ್ 1917ರಲ್ಲಿ ಅಲ್ಲಿಯೇ ಪೂರ್ಣ ಪ್ರಾಧ್ಯಾಪಕಿಯಾದಳು.

ನಮ್ಮ ರಾಜ್ಯದಲ್ಲಿಯೂ ರಾಷ್ಟ್ರೀಯ ಶಿಕ್ಷಣ ನೀತಿಯೊಡನೆ 2021ರಲ್ಲಿ ಮೇಜರ್ ಮೈನರ್‌ಗಳು ಪದವಿ ಕಾಲೇಜುಗಳಿಗೆ ಬಂದವು. 2024ರಲ್ಲಿ ಮತ್ತೆ ಹಳೆಯ ಮೂರು ವರ್ಷದ ಪದವಿಗೆ ಮರಳಿದೆವು. ಅದರ ಗುಣದೋಷ ಇಲ್ಲಿ ಬೇಡ. ವೈದ್ಯನಾಗಬಯಸುವ ನಮ್ಮ ಹುಡುಗ ಹೇಗೂ ಹದಿನಾರನೆಯ ವಯಸ್ಸಿಗೇ, ಪಿಯುಸಿಯ ಅರ್ಜಿಯಲ್ಲಿಯೇ, ನಿರ್ಧರಿಸಿಬಿಡಬೇಕು.

ಅರ್ಜಿಯೆಂದಾಗ ಒಂದು ನೆನಪು ಚುಚ್ಚುತ್ತದೆ. ಇಪ್ಪತ್ತೈದು ವರ್ಷದ ಹಿಂದೆ ನಾನು ಕಾಲೇಜಿನ ಪ್ರವೇಶ ಸಮಿತಿಯಲ್ಲಿದ್ದೆ. ರಸಾಯನ, ಸಸ್ಯ, ಪ್ರಾಣಿಶಾಸ್ತ್ರಗಳ ಗುಂಪಿಗೆ, ಸಿ.ಬಿ.ಝಡ್.ಗೆ, ಸೇರಿದ್ದ ಹುಡುಗನೊಬ್ಬ ಬಂದು, "ಸಾರ್, ನನ್ನನ್ನು ಐಚ್ಛಿಕ ಕನ್ನಡಕ್ಕೆ ಬದಲಾಯಿಸಿಕೊಡಿ" ಎಂದ. ಕೊನೆಯ ದಿನಾಂಕ ಕಳೆದು ನಾಲ್ಕು ದಿನವಾಗಿತ್ತು. ಪ್ರಾಂಶುಪಾಲರನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಆಗುವುದಿಲ್ಲವಪ್ಪ ಎಂದು ಕಾಗದ ಹಿಂದಕ್ಕೆ ಕೊಟ್ಟೆ. ಅವನ ಹೆಸರನ್ನೂ ಕೇಳಲಿಲ್ಲ.

ವಾರದ ಬಳಿಕ ಮೊಮ್ಮಗಳಿಗೆ ನಾನೇ ಕರೆಮಾಡಿದೆ. ಅಲ್ಲಿನ ವೈದ್ಯಶಾಲೆಗಳು ಇಂಥದೇ ಮೇಜರ್ ಬೇಕೆಂದು ಕೇಳುವುದಿಲ್ಲ. ಜೀವಶಾಸ್ತ್ರ, ರಸಾಯನ ಮುಂತಾದ ಕೆಲವು ಪಾಠಗಳನ್ನು ಓದಿದ್ದರೆ ಇತಿಹಾಸದ ಪದವೀಧರೆಯೂ ಅರ್ಜಿ ಹಾಕಬಹುದು. ಇದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿರದಿದ್ದುದು ಮೇಷ್ಟರ ಕಥೆ. ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಅರ್ಜಿಗೆ ಇನ್ನೂ ಆರು ವಾರ ಇದೆ ತಾತ" ಎಂದಳು. ಆಮೇಲೆ, ಅಮ್ಮನಿಗೆ ತೋರಿಸಬೇಕು ಎನ್ನುತ್ತ, ವೆಲ್ಚ್ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದೆಂದು ಒಂದೊಂದಕ್ಷರವಾಗಿ ಕೇಳಿ ಗುರುತು ಹಾಕಿಕೊಂಡಳು.