ಸಭೆಯ ಹಿರಿಯರು

ಮಂಗಳೂರು ಕಡೆಯ ಪ್ರಾಟೆಸ್ಟಂಟ್ ಸಭೆಗಳಲ್ಲಿ ವಯೋವೃದ್ಧ ಸದಸ್ಯರನ್ನು ಭಾನುವಾರದ ಆರಾಧನೆಯ ನಡುವೆಯೇ ಗೌರವಿಸುವುದನ್ನು ನಾನು ಕಂಡಿದ್ದೇನೆ. ಅದಕ್ಕೆ ಬೇರೆ ವೇದಿಕೆಯಿಲ್ಲ, ಅಧ್ಯಕ್ಷರಿಲ್ಲ. ಪ್ರಸಂಗ ಮುಗಿದ ಮೇಲೆ ಸಭಾಪಾಲಕರು ಹೆಸರು ಹೇಳುತ್ತಾರೆ. ಒಂದು ಶಾಲು, ಒಂದು ಪ್ರಾರ್ಥನೆ, ಅಷ್ಟೆ. ಹೊರಗಿನವರಿಗೆ ಇದು ಸಾಮಾನ್ಯ ಸನ್ಮಾನದಂತೆ ತೋರೀತು. ಆದರೆ ಇದರ ಬೇರು ಆಳವಾದುದೆಂದು ನನ್ನ ಭಾವನೆ.

ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದುದು 1834ರಲ್ಲಿ. ಮಿಶನ್ನಿನ ಮಾತೆತ್ತಿದರೆ ನಮಗೆ ನೆನಪಾಗುವುದು ಮೊಗ್ಲಿಂಗರ 1843ರ 'ಮಂಗಳೂರ ಸಮಾಚಾರ', ಕಿಟ್ಟೆಲರ 1894ರ ನಿಘಂಟು. ಸಾಹಿತ್ಯಾಸಕ್ತರಿಗೆ ಇದು ಸಹಜವೇ. ಆದರೆ ಸಭೆಗೆ ಸೇರಿದ ಜನ ಏನನ್ನು ಕಳೆದುಕೊಂಡು ಸೇರಿದರೆಂಬುದನ್ನು ನಾವು ಅಷ್ಟಾಗಿ ವಿಚಾರಿಸಿದವರಲ್ಲ.

1844ರಲ್ಲಿ ದೀಕ್ಷಾಸ್ನಾನ ಹೊಂದಿದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರ ಕಥೆ ಪ್ರಸಿದ್ಧವಾಗಿದೆ. ಮನೆತನದಿಂದ ದೂರವಾದ ಅವರು ಬಾಸೆಲಿನಲ್ಲಿ ಓದಿ, 1851ರಲ್ಲಿ ಬೋಧಕರಾದರು. ತುಳುನಾಡಿನಲ್ಲಿ ಸಭೆ ಸೇರಿದವರಲ್ಲಿ ಹೆಚ್ಚಿನವರು ಮಾತ್ರ ಬಿಲ್ಲವರು. ಅಳಿಯಸಂತಾನದ ಕುಟುಂಬದಿಂದ ಅವರು ಹೊರಬಿದ್ದರು. ಮತ ಬಿಟ್ಟವರ ಆಸ್ತಿಯ ಹಕ್ಕು ಹೋಗದೆಂದು 1850ರ ಕಾಯಿದೆ ಹೇಳಿತು, ನಿಜ. ಕಾಯಿದೆ ಪಾಲು ಕೊಡಿಸೀತು. ಪಂಕ್ತಿಯಲ್ಲಿ ಎಲೆ ಹಾಕಿಸಲಾರದು. ಮೂರ್ತೆಯ ಕಸುಬು ಮಿಶನ್ನಿಗೆ ಒಪ್ಪಿಗೆಯಾಗಲಿಲ್ಲ. ಹಾಗಾಗಿ ಹೊಟ್ಟೆಯ ಪಾಡೂ ಹೋಯಿತು. ನೇಯ್ಗೆಯ ಮಗ್ಗಗಳೂ 1865ರಲ್ಲಿ ಪ್ಲೆಬ್‌ಸ್ಟರು ಜೆಪ್ಪುವಿನಲ್ಲಿ ತೊಡಗಿದ ಹಂಚಿನ ಕಾರ್ಖಾನೆಯೂ ಈ ಕೊರತೆಯನ್ನು ತುಂಬಲು ಬಂದವು.

ಕೂಲಿಯಿಂದ ತುಂಬದ ಇನ್ನೊಂದು ಕೊರತೆಯಿತ್ತು. ತುಳುವರ ಮನೆಗಳಲ್ಲಿ ಗತಿಸಿದ ಹಿರಿಯರಿಗೆ, ಅಂದರೆ ಕುಲೆಗಳಿಗೆ, ಎಲೆ ಹಾಕಿ ಬಡಿಸುವ ಪದ್ಧತಿಯುಂಟು. ಸಭೆ ಸೇರಿದವರು ಅದನ್ನು ಬಿಡಬೇಕಾಯಿತು. ಹಿಂದಿನವರ ನಂಟು ಕಡಿದ ಈ ಜನಕ್ಕೆ ಹಿರಿಯರೆಂದರೆ ಇನ್ನು ಯಾರು? ಎದುರಿಗೆ ಕುಳಿತಿರುವ, ತಮ್ಮಂತೆಯೇ ಮನೆ ಬಿಟ್ಟು ಬಂದ ಮುದುಕರೇ. ನರೆತ ತಲೆಯ ಮುಂದೆ ಎದ್ದು ನಿಲ್ಲಬೇಕೆಂಬ ವಿಧಿ ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿದೆ. ಅದು ಎಲ್ಲ ಕ್ರೈಸ್ತರಿಗೂ ಸೇರಿದ ಮಾತು. ಇಲ್ಲಿ ಅದಕ್ಕೆ ವಿಶೇಷವಾದ ತೂಕ ಬಂದುದು ಈ ಕಾರಣದಿಂದ ಎಂದು ನಾನು ತಿಳಿಯುತ್ತೇನೆ.

1914ರ ಯುದ್ಧ ಇದನ್ನು ಪರೀಕ್ಷೆಗೊಡ್ಡಿತು. ಜರ್ಮನ್ ಮಿಶನರಿಗಳು ಸೆರೆಯಾಗಿ, ದೇಶ ಬಿಟ್ಟು ಹೋಗಬೇಕಾಯಿತು. ಕಾರ್ಖಾನೆಗಳು ಮುಂದೆ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಪರದೇಶದ ಅಯ್ಯಗಳಿಲ್ಲದ ಆ ದಿನಗಳಲ್ಲಿ ಆರಾಧನೆಯನ್ನು ನಡೆಸಿಕೊಂಡು ಹೋದವರು ಈ ನೆಲದ ಬೋಧಕರು ಮತ್ತು ಸಭಾಹಿರಿಯರು.

ಕೆಲವು ವರ್ಷಗಳ ಹಿಂದೆ ಇಂಥ ಒಂದು ಭಾನುವಾರ ನಾನೂ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ತೊಂಬತ್ತು ದಾಟಿದ ಅಜ್ಜಿ. ಹಂಚಿನ ಕಾರ್ಖಾನೆಯ ಕೆಲಸಗಾರರ ಮಗಳು. ಮಕ್ಕಳೆಲ್ಲ ಗಲ್ಫಿನಲ್ಲಿ. ಶಾಲು ಹೊದಿಸಲು ಬಂದವರು ನೆರೆಮನೆಯ ಹುಡುಗಿಯರು. ಯಾವ ಗೀತೆ ಹಾಡೋಣವೆಂದು ಸಭಾಪಾಲಕರು ಕೇಳಿದಾಗ ಅಜ್ಜಿ ಗೀತೆಯ ಹೆಸರು ಹೇಳಲಿಲ್ಲ, ಪುಸ್ತಕದ ಸಂಖ್ಯೆ ಹೇಳಿದರು. ಕನ್ನಡದ ಪುಸ್ತಕ ತೆರೆಯಹೊರಟವರನ್ನು ಕೈಯೆತ್ತಿ ತಡೆದು, "ತುಳುತ್ತ" ಎಂದರು.

ಗ್ರೈನರ್ ಮತ್ತು ಸಂಗಡಿಗರ ಕಾಲದಿಂದಲೂ ಇಲ್ಲಿ ತುಳು ಆರಾಧನೆಯ ಭಾಷೆಯಾಗಿದೆ. ಆದರೂ ಅಂದಿನ ಕ್ರಮ ಪೂರ್ತಿ ಕನ್ನಡದ್ದು. ತುಳು ಪುಸ್ತಕ ತಂದಿದ್ದವರು ನಾಲ್ಕಾರು ಮಂದಿ. ಆರ್ಗನ್ ನುಡಿಸುವವರು ರಾಗಕ್ಕಾಗಿ ಹುಡುಕುತ್ತಿರುವಾಗಲೇ ಅಜ್ಜಿ ಮೊದಲ ಸಾಲನ್ನು ತಾವೇ ಎತ್ತಿಕೊಂಡರು. ಎರಡನೆಯ ಚರಣದ ಹೊತ್ತಿಗೆ ಹಿಂದಿನ ಬೆಂಚುಗಳ ಮುದುಕರು ಒಬ್ಬೊಬ್ಬರಾಗಿ ದನಿಗೂಡಿಸಿದರು. ಪುಸ್ತಕವಿಲ್ಲದ ಎಳೆಯರು ಎದ್ದು ನಿಂತು ಕೇಳಿದರು.