ಮೂರು ವರ್ಷದ ಭಾನುವಾರಗಳು

1903ರ ಅಕ್ಟೋಬರ್ 31, ಶನಿವಾರ. ನ್ಯೂಯಾರ್ಕಿನಲ್ಲಿ ಅಮೆರಿಕದ ಗಣಿತ ಸಂಘದ ಸಭೆ. ದೊಡ್ಡ ಸಂಖ್ಯೆಗಳ ಅಪವರ್ತನಗಳನ್ನು ಕುರಿತು ಪ್ರಬಂಧ ಮಂಡಿಸಬೇಕಿದ್ದ ಪ್ರೊ. ಫ್ರಾಂಕ್ ನೆಲ್ಸನ್ ಕೋಲ್ ಎದ್ದು ನೇರವಾಗಿ ಕರಿಹಲಗೆಯ ಬಳಿ ಹೋದರು. ಮಾತಿಲ್ಲ. 2ರ 67ನೇ ಘಾತವನ್ನು ಲೆಕ್ಕ ಹಾಕಿ ಅದರಲ್ಲಿ 1 ಕಳೆದರು. ಬಂದದ್ದು 21 ಅಂಕಿಗಳ ಸಂಖ್ಯೆ: 14,75,73,95,25,89,67,64,12,927. ಬಳಿಕ ಹಲಗೆಯ ಇನ್ನೊಂದು ಬದಿಗೆ ಸರಿದು 19,37,07,721ನ್ನು 7,61,83,82,57,287ರಿಂದ ಗುಣಿಸಿದರು. ಎರಡೂ ಉತ್ತರ ಒಂದೇ! ಕೋಲ್ ಮರಳಿ ಬಂದು ಕುಳಿತರು. ಸಭೆ ಚಪ್ಪಾಳೆ ತಟ್ಟಿತು.

ಈ ಪ್ರಸಂಗವನ್ನು ಬರೆದಿಟ್ಟವರು ಗಣಿತಜ್ಞ ಎರಿಕ್ ಟೆಂಪಲ್ ಬೆಲ್. ಕಥೆಗೆ ಬಣ್ಣ ಹಚ್ಚುವುದರಲ್ಲಿ ಬೆಲ್ ಎತ್ತಿದ ಕೈ. ಹಾಗಾಗಿ ಆ ಮೌನವನ್ನು ಪೂರ್ತಿ ನಂಬಬೇಕಾಗಿಲ್ಲ. ಲೆಕ್ಕ ಮಾತ್ರ ನೂರಕ್ಕೆ ನೂರು ಸರಿ.

ಚಪ್ಪಾಳೆಗೆ ಕಾರಣ ತಿಳಿಯಲು 1644ಕ್ಕೆ ಹೋಗಬೇಕು. 1 ಮತ್ತು ತನ್ನಿಂದಲ್ಲದೆ ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಯೇ ಅವಿಭಾಜ್ಯ. 2ರ ಘಾತದಿಂದ 1 ಕಳೆದರೆ ಕೆಲವೊಮ್ಮೆ ಇಂಥ ಸಂಖ್ಯೆ ಸಿಗುತ್ತದೆ: 3ನೇ ಘಾತಕ್ಕೆ 7, 5ನೇ ಘಾತಕ್ಕೆ 31. ಆದರೆ 11ನೇ ಘಾತಕ್ಕೆ ಬರುವ 2047 ಎಂದರೆ 23ರ 89 ಪಟ್ಟು. ಹಾಗಾದರೆ ಯಾವ ಘಾತಗಳಿಗೆ ಸಿಗುತ್ತದೆ? ಪ್ಯಾರಿಸ್ಸಿನ ಸನ್ಯಾಸಿ ಮರೇನ್ ಮರ್ಸೆನ್ 257ರವರೆಗಿನ ಪಟ್ಟಿಯೊಂದನ್ನು ಕೊಟ್ಟ. ಅದರಲ್ಲಿ 67 ಇತ್ತು, ಸಾಧನೆ ಇರಲಿಲ್ಲ.

ಆ ಮಾತು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ನಿಂತಿತು. 1876ರಲ್ಲಿ ಫ್ರಾನ್ಸಿನ ಎಡ್ವರ್ಡ್ ಲೂಕಾ 67 ತಪ್ಪೆಂದು ತೋರಿಸಿದರು. ಸೋಜಿಗವೆಂದರೆ ಅವರು ಯಾವ ಅಪವರ್ತನವನ್ನೂ ಹುಡುಕಿರಲಿಲ್ಲ. ಕ್ರಮಬದ್ಧವಾಗಿ ಒಂದು ಶ್ರೇಣಿ ಕಟ್ಟುತ್ತ ಹೋಗಿ, ಕೊನೆಗೆ ಶೇಷ ಸೊನ್ನೆಯಾಗದಿದ್ದರೆ ಸಂಖ್ಯೆ ಅವಿಭಾಜ್ಯವಲ್ಲ ಎನ್ನುವ ವಿಧಾನ ಅವರದು. ಕಳ್ಳ ಮನೆಯೊಳಗಿದ್ದಾನೆಂದು ಖಚಿತವಾಯಿತು, ಕೈಗೆ ಮಾತ್ರ ಸಿಗಲಿಲ್ಲ.

ಕೋಲ್ ಹಿಡಿದದ್ದು ಅವನನ್ನೇ. ಈ ಸಂಖ್ಯೆಯ ಅಪವರ್ತನ ಯಾವುದೇ ಇರಲಿ, 134ರಿಂದ ಭಾಗಿಸಿದಾಗ 1 ಉಳಿಯಲೇಬೇಕು. ಹಾಗೆಂದು ಒಂದೊಂದಾಗಿ ನೋಡುತ್ತ ಹೋದರೆ ಸರಿಯಾದುದು ಸಿಗುವುದು 14,45,580ನೆಯ ಸಲ! ಕ್ಯಾಲ್ಕುಲೇಟರ್ ಇಲ್ಲದ ಕಾಲ. ಕೋಲ್ ವರ್ಗಶೇಷಗಳ ಜರಡಿ ಹಿಡಿದು ಸಾಧ್ಯತೆಗಳನ್ನು ಸೋಸುತ್ತ ಬಂದರು. ಎಷ್ಟು ಸಮಯ ಹಿಡಿಯಿತೆಂದು 1911ರಲ್ಲಿ ಬೆಲ್ ಕೇಳಿದಾಗ ಬಂದ ಉತ್ತರ: ಮೂರು ವರ್ಷದ ಭಾನುವಾರಗಳು.

ಮರ್ಸೆನ್ ಪಟ್ಟಿಯ 257 ಕೂಡ ತಪ್ಪು. ಇರಬೇಕಿದ್ದ 61, 89, 107 ಅದರಲ್ಲಿಲ್ಲ. 1947ರ ಹೊತ್ತಿಗೆ ಪರಿಶೀಲನೆ ಮುಗಿಯಿತು.

ಗುಣಿಸುವುದು ಸುಲಭ, ಒಡೆಯುವುದು ಕಷ್ಟ ಎಂಬ ಇದೇ ಅಂತರದ ಮೇಲೆ 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಗುಪ್ತಲಿಪಿಯೊಂದನ್ನು ಕಟ್ಟಿದರು. ಅಲ್ಲಿ ಬಳಸುವ ಸಂಖ್ಯೆಗಳು ನೂರಾರು ಅಂಕಿಗಳವು. ಕೋಲರ 21 ಅಂಕಿಗಳನ್ನಾದರೆ ಇಂದಿನ ಸಾಧಾರಣ ಕಂಪ್ಯೂಟರ್ ಕಣ್ಣುಮಿಟುಕಿಸುವಷ್ಟರಲ್ಲಿ ಒಡೆಯುತ್ತದೆ.