ಹೆಸರಿಲ್ಲದ ವಾರಂಟು

ಬಾಗಿಲಿಗೆ ಅಗುಳಿಯಿಡುವ ಗೃಹಸ್ಥನು ಕಳ್ಳನನ್ನು ನೆನೆದು ಅದನ್ನಿಡುತ್ತಾನೆ. ದೊರೆಯ ಆಳುಗಳೇ ಬಂದು ಕದವನ್ನು ಮುರಿದರೆ ಯಾರಲ್ಲಿ ಮೊರೆಯಿಡಬೇಕೆಂಬ ಪ್ರಶ್ನೆಯು ಅವನಿಗೆ ಹೊಳೆಯುವುದು ಅಪೂರ್ವ. ಈ ಪ್ರಶ್ನೆಗೆ 1765ನೆಯ ಇಸವಿಯಲ್ಲಿ ಇಂಗ್ಲೆಂಡಿನ ನ್ಯಾಯಸ್ಥಾನವೊಂದು ಕೊಟ್ಟ ಉತ್ತರವನ್ನೂ, ಅದರ ಹಿಂದುಮುಂದಿನ ವೃತ್ತಾಂತವನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

1762ನೆಯ ನವೆಂಬರ್ 11ರಂದು, ಲಂಡನ್ನಿನ ನೆರೆಯ ಸ್ಟೆಪ್ನಿಯಲ್ಲಿದ್ದ ಜಾನ್ ಎಂಟಿಕ್ ಎಂಬ ಗ್ರಂಥಕಾರನ ಮನೆಯನ್ನು ನೇಥನ್ ಕ್ಯಾರಿಂಗ್ಟನ್ ಮೊದಲಾದ ನಾಲ್ವರು ಅರಸಿನ ಓಲೆಕಾರರು ಹೊಕ್ಕರು. ಸರಕಾರವನ್ನು ಟೀಕಿಸುತ್ತಿದ್ದ 'ಮಾನಿಟರ್' ಎಂಬ ಪತ್ರಿಕೆಗೆ ಅವನು ಬರೆಯುತ್ತಿದ್ದನೆಂಬುದೇ ಅವನ ಮೇಲಿನ ಆರೋಪ. ಓಲೆಕಾರರ ಕೈಯಲ್ಲಿ ರಾಜ್ಯಕಾರ್ಯದರ್ಶಿಯಾದ ಹ್ಯಾಲಿಫ್ಯಾಕ್ಸ್ ಪ್ರಭುವಿನ ವಾರಂಟು ಇದ್ದಿತು. ಅದರಲ್ಲಿ ಎಂಟಿಕನ ಹೆಸರಿದ್ದಿತು. ಆದರೆ ಯಾವ ಕಾಗದವನ್ನು ಹಿಡಿಯಬೇಕೆಂಬುದಿರಲಿಲ್ಲ, ಎಲ್ಲವನ್ನೂ ಹಿಡಿಯಬಹುದಾಗಿದ್ದಿತು. ನಾಲ್ಕು ಗಂಟೆಗಳ ಕಾಲ ಅವರು ಬೀಗಗಳನ್ನು ಒಡೆದು, ಪೆಟ್ಟಿಗೆಗಳನ್ನು ತೆರೆದು, ಖಾಸಗಿ ಪತ್ರಗಳನ್ನೆಲ್ಲ ಓದಿ, ಬೇಕಾದುವನ್ನು ಹೊತ್ತುಕೊಂಡು ಹೋದರು.

ಮರುವರ್ಷ ಈ ಅಧಿಕಾರವು ಇನ್ನೂ ಮುಂದೆ ಹೋಯಿತು. 1763ನೆಯ ಏಪ್ರಿಲಿನಲ್ಲಿ 'ನಾರ್ತ್ ಬ್ರಿಟನ್' ಪತ್ರಿಕೆಯ 45ನೆಯ ಸಂಚಿಕೆಯು ಮೂರನೆಯ ಜಾರ್ಜ್ ದೊರೆಯ ಭಾಷಣವನ್ನು ಖಂಡಿಸಲು, ಅದನ್ನು ಬರೆದವರನ್ನೂ ಅಚ್ಚು ಹಾಕಿದವರನ್ನೂ ಪ್ರಕಟಿಸಿದವರನ್ನೂ ಹಿಡಿಯತಕ್ಕದ್ದೆಂದು ಹ್ಯಾಲಿಫ್ಯಾಕ್ಸನು ಆಜ್ಞೆ ಹೊರಡಿಸಿದನು. ಅದರಲ್ಲಿ ಯಾರೊಬ್ಬರ ಹೆಸರೂ ಇರಲಿಲ್ಲ. ತಪ್ಪಿತಸ್ಥನು ಯಾರೆಂಬುದನ್ನು ಓಲೆಕಾರನೇ ನಿರ್ಧರಿಸಬೇಕು! ಹೀಗೆ 49 ಮಂದಿ ಸೆರೆಸಿಕ್ಕಿದರು. ಪಾರ್ಲಿಮೆಂಟಿನ ಸದಸ್ಯನಾದ ಜಾನ್ ವಿಲ್ಕ್ಸನು ಲಂಡನ್ ಗೋಪುರದ ಕಾರಾಗೃಹವನ್ನು ಸೇರಿದನು.

ಈ ಜನರು ದಂಗೆಯೇಳಲಿಲ್ಲ, ನ್ಯಾಯಸ್ಥಾನಕ್ಕೆ ಹೋದರು. ವಿಲ್ಕ್ಸನಿಗೆ 1,000 ಪೌಂಡುಗಳ ಪರಿಹಾರವು ದೊರೆಯಿತು. ಆದರೆ ಹಕಲ್ ಎಂಬ ಅಚ್ಚುಕೂಟದ ಕೂಲಿಯವನ ಮೊಕದ್ದಮೆಯೇ ಹೆಚ್ಚು ಮನನೀಯವಾದುದು. ವಾರಕ್ಕೆ ಒಂದು ಗಿನಿ ಸಂಪಾದಿಸುತ್ತಿದ್ದ ಅವನನ್ನು ಸುಮಾರು ಆರು ಗಂಟೆಗಳ ಕಾಲ ತಡೆದಿಟ್ಟಿದ್ದರು, ಊಟೋಪಚಾರಕ್ಕೂ ಕೊರತೆಮಾಡಿರಲಿಲ್ಲ. ಆದರೂ ಜೂರಿಯವರು ಅವನಿಗೆ 300 ಪೌಂಡುಗಳನ್ನು ಕೊಡಿಸಿದರು. ಮೊತ್ತವು ಅತಿಯಾಯಿತೆಂದು ಪ್ರತಿವಾದಿಗಳು ಆಕ್ಷೇಪಿಸಿದಾಗ ಮುಖ್ಯ ನ್ಯಾಯಾಧೀಶನಾದ ಚಾರ್ಲ್ಸ್ ಪ್ರ್ಯಾಟನು ಒಪ್ಪಲಿಲ್ಲ. ಅಳೆಯತಕ್ಕದ್ದು ಕೂಲಿಯ ನಷ್ಟವನ್ನಲ್ಲ, ಪ್ರಜೆಯ ಸ್ವಾತಂತ್ರ್ಯಕ್ಕೆ ಬಂದ ಕುಂದನ್ನು ಎಂಬುದು ಅವನ ಅಭಿಪ್ರಾಯದ ತಿರುಳು.

ಇದನ್ನು ಕಂಡು ಎಂಟಿಕನೂ ದಾವೆ ಹೂಡಿದನು. ಅಷ್ಟರಲ್ಲಿ ಕ್ಯಾಮ್ಡೆನ್ ಪ್ರಭುವಾಗಿದ್ದ ಪ್ರ್ಯಾಟನೇ 1765ರಲ್ಲಿ ತೀರ್ಪನ್ನು ಹೇಳಿದನು. ಸರಕಾರದ ಪಕ್ಷದವರು ಎರಡು ವಾದಗಳನ್ನು ಹೂಡಿದ್ದರು: ಇಂತಹ ವಾರಂಟುಗಳು ಬಹುಕಾಲದಿಂದ ರೂಢಿಯಲ್ಲಿವೆ, ಮತ್ತು ರಾಜ್ಯದ ಕ್ಷೇಮಕ್ಕೆ ಇವು ಅವಶ್ಯ. ಕ್ಯಾಮ್ಡೆನನು ಎರಡನ್ನೂ ತಳ್ಳಿದನು. ಪರರ ನೆಲದಲ್ಲಿ ಅನುಮತಿಯಿಲ್ಲದೆ ಕಾಲಿಟ್ಟವನು ತನ್ನ ಕೃತ್ಯಕ್ಕೆ ಶಾಸನದ ಆಧಾರವನ್ನು ತೋರಿಸಬೇಕು. ತೋರಿಸಲಾರದವನು, ಮಂತ್ರಿಯ ಆಳಾದರೂ ಅತಿಕ್ರಮಣದ ಅಪರಾಧಿಯೇ. ಪ್ರಶ್ನಿಸುವವರಿಲ್ಲದೆ ನಡೆದುಬಂದ ಅಕ್ರಮವು ಕಾಲ ಕಳೆದ ಮಾತ್ರಕ್ಕೆ ಕ್ರಮವಾಗದು. ರಾಜ್ಯದ ಅವಶ್ಯಕತೆಯೆಂಬುದು ನ್ಯಾಯಶಾಸ್ತ್ರವು ಅಂಗೀಕರಿಸುವ ಸಮರ್ಥನೆಯಲ್ಲ. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಸ್ವಾತಂತ್ರ್ಯಕ್ಕೆ ಆಧಾರವನ್ನು ತೋರಿಸುವ ಹೊಣೆಯು ಪ್ರಜೆಯ ಮೇಲಿಲ್ಲ; ಅಧಿಕಾರಕ್ಕೆ ಆಧಾರವನ್ನು ತೋರಿಸುವ ಹೊಣೆಯು ಅಧಿಕಾರಿಯ ಮೇಲಿದೆ.

ಆದರೆ ಈ ನೀತಿಯು ಸಮುದ್ರವನ್ನು ದಾಟಿ ನಮ್ಮಲ್ಲಿಗೆ ಸುಲಭವಾಗಿ ಬರಲಿಲ್ಲ. ಬಂಗಾಳದ 1818ರ ಮೂರನೆಯ ರೆಗ್ಯುಲೇಷನ್ನು ವಿಚಾರಣೆಯಿಲ್ಲದೆ ಸೆರೆಯಲ್ಲಿಡಲು ಆಸ್ಪದ ಕೊಟ್ಟಿತು. ಅದರ ಬಲದಿಂದಲೇ 1907ರಲ್ಲಿ ಲಾಲಾ ಲಜಪತರಾಯರನ್ನು ಮಂಡಾಲೆಗೆ ಗಡೀಪಾರು ಮಾಡಲಾಯಿತು. ತಮ್ಮ ಮನೆಯಲ್ಲಿ ಪೂಜಿಸಿದ ದೇವರನ್ನು ಆಂಗ್ಲರು ನಮ್ಮ ಮನೆಯ ಹೊಸಿಲಲ್ಲೇ ತಡೆದರು.

ದೋಷವು ಪರಕೀಯರದೊಂದೇ ಎನ್ನುವಂತಿಲ್ಲ. 1950ರ ನಮ್ಮ ಸಂವಿಧಾನದ 21ನೆಯ ಅನುಚ್ಛೇದವು ಜೀವಕ್ಕೂ ದೈಹಿಕ ಸ್ವಾತಂತ್ರ್ಯಕ್ಕೂ ರಕ್ಷಣೆ ಕೊಟ್ಟಿತು. ಆದರೂ ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ನೆಯ ಏಪ್ರಿಲ್ 28ರಂದು, ಸರ್ವೋಚ್ಚ ನ್ಯಾಯಾಲಯದ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು, ರಾಷ್ಟ್ರಪತಿಗಳ ಆಜ್ಞೆಯು ಜಾರಿಯಲ್ಲಿರುವಾಗ ಬಂಧಿತನು ತನ್ನ ಬಿಡುಗಡೆಗಾಗಿ ನ್ಯಾಯಾಲಯದ ಬಾಗಿಲನ್ನು ತಟ್ಟಲಾಗದೆಂದರು. ಎಚ್. ಆರ್. ಖನ್ನಾ ಅವರೊಬ್ಬರೇ ಭಿನ್ನಮತವನ್ನು ಬರೆದರು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, 2017ನೆಯ ಆಗಸ್ಟ್ 24ರಂದು, ಆ ಹಳೆಯ ತೀರ್ಪು ರದ್ದಾಗಿ ಖಾಸಗಿತನವು ಮೂಲಭೂತ ಹಕ್ಕೆಂದು ಸ್ಥಿರಪಟ್ಟಿತು. ನಡುವೆ 41 ವರ್ಷಗಳು ಕಳೆದಿದ್ದುವು.

ಗ್ರಂಥದಲ್ಲಿ ಬರೆದ ಹಕ್ಕು ತನ್ನನ್ನು ತಾನೇ ಕಾಯಲಾರದು. ಆರು ಗಂಟೆಗಳ ಸೆರೆಯನ್ನು ಅಲ್ಪವೆಂದು ಬಿಡದೆ ಮೊಕದ್ದಮೆ ಹೂಡುವ ಕೂಲಿಯವನೂ, ಅವನ ಮಾತನ್ನು ಕೇಳುವ ನ್ಯಾಯಾಧೀಶನೂ ಇರುವಷ್ಟು ಕಾಲ ಮಾತ್ರವೇ ಮನೆಯ ಅಗುಳಿಗೆ ಅರ್ಥವಿರುತ್ತದೆ.